ಒಳಗೆ ಕುಳಿತ ಡಾಕ್ಟರು

ಕೆಟ್ಟುಹೋದ ಯಾವ ಸಾಮಾನೇ ಇರಲಿ, ಅದರ ಮುಂದೆ ನಾನು ಹತ್ತು ನಿಮಿಷ ಕುಳಿತರೆ ಸಾಕು, ಅದು ಸುಧಾರಿಸುತ್ತದೆ ಎಂಬ ನಂಬಿಕೆ ನನಗೆ ಚಿಕ್ಕಂದಿನಿಂದಲೂ ಇದೆ. ಈ ನಂಬಿಕೆ ಎಲ್ಲಿಂದ ಬಂತು ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ನಾನು ಬಿಚ್ಚಿ ಜೋಡಿಸಿದ ಮೇಲೆ ನಮ್ಮ ಮನೆಯ ಗೋಡೆ ಗಡಿಯಾರ ದಿನಕ್ಕೆ ಇಪ್ಪತ್ತು ನಿಮಿಷ ಮುಂದೆ ಓಡತೊಡಗಿತು. ಅಂದಿನಿಂದ ನನಗೆ ಒಂದು ಬಸ್ಸೂ ತಪ್ಪಿಲ್ಲ. ನನ್ನ ಹೆಂಡತಿ ಸರೋಜಾಳ ಮಿಕ್ಸರನ್ನು ರಿಪೇರಿ ಮಾಡಿದಾಗ ಕೊನೆಗೆ ಎರಡು ತಿರುಪು ನನ್ನ ಅಂಗೈಯಲ್ಲಿ ಉಳಿದವು. ತಯಾರಿಸಿದವರು ಬೇಕಾದ್ದಕ್ಕಿಂತ ಜಾಸ್ತಿ ಹಾಕಿದ್ದರು ಎಂದು ಆಕೆಗೆ ಸಮಜಾಯಿಷಿ ಕೊಟ್ಟೆ. ಮಾರನೆಯ ದಿನ ಶೇಂಗಾ ಚಟ್ನಿ ಅಡುಗೆಮನೆಯ ಮೂರು ಗೋಡೆಗೂ ಸಮನಾಗಿ ಹಂಚಿಕೆಯಾಯಿತು. ಸರೋಜಾ ಸಿಟ್ಟಾಗಲಿಲ್ಲ. "ನೀವು ರಿಪೇರಿ ಮಾಡಬ್ಯಾಡ್ರಿ ಅನ್ನಂಗಿಲ್ಲ ನಾ," ಎಂದಳು, ಗೋಡೆ ಒರೆಸುತ್ತ. "ಮಾಡೂಕಿಂತ ಮೊದಲ ಒಂದು ಮಾತ ಹೇಳ್ರಿ. ನಾ ತವರಮನಿಗೆ ಹೋಗಿ ಎರಡು ದಿನ ಇದ್ದು ಬರ್ತೇನಿ."

ಇಂಥ ನಾನು ಸಿಂದಗಿಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುವ ಮೇಷ್ಟ್ರು. ಎರಡು ಸಾವಿರದ ಇಸವಿ ದಾಟಿದ ಆಚೀಚಿನ ವರ್ಷಗಳಲ್ಲಿ, ವಯಸ್ಸು ನಲವತ್ತು ಮೀರಿದ ಮೇಲೆ, ಪಿಎಚ್‌.ಡಿ. ಮಾಡಬೇಕೆಂಬ ಹಟ ಹುಟ್ಟಿತು. ವಿಷಯ, ಹೊಲಗಳ ಹೆಸರು. ನಮ್ಮ ಕಡೆ ಹೆಸರಿಲ್ಲದ ಹೊಲವೇ ಇಲ್ಲ. ಅತ್ತಿಗಿಡದ ಪಟ್ಟಿ, ಅಕ್ಕತಂಗೇರ ಹೊಲ, ಮೂಕಬಸವನ ಮಡ್ಡಿ, ಹೀಗೆ ಒಂದೊಂದು ಹೆಸರಿನ ಹಿಂದೆ ಒಂದು ಜಗಳವೋ ಒಂದು ಮದುವೆಯೋ ಇರುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕುಗಳನ್ನು ರವಿವಾರಕ್ಕೊಂದು ದಿಕ್ಕಿನಂತೆ ಬಸ್ಸಿನಲ್ಲಿ ತಿರುಗಿ ಹೆಸರು ಬರೆದುಕೊಂಡೆ. ಬಸ್ಸು ಇಲ್ಲದ ಹಳ್ಳಿಗಳಿಗೆ ಬಿರಾದಾರ ಸರ್ ತಮ್ಮ ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು.

ಬಿರಾದಾರ ಸರ್ ಅಂದರೆ ನಮ್ಮ ಕಾಲೇಜಿನ ಇತಿಹಾಸದ ಮೇಷ್ಟ್ರು. ನನಗಿಂತ ನಾಲ್ಕು ವರ್ಷ ದೊಡ್ಡವರು. ಆಗ ಇಡೀ ಕಾಲೇಜಿನಲ್ಲಿ ಹೆಸರಿನ ಹಿಂದೆ 'ಡಾ.' ಇದ್ದದ್ದು ಅವರೊಬ್ಬರಿಗೇ. ಪ್ರಿನ್ಸಿಪಾಲರಿಗೂ ಇರಲಿಲ್ಲ. ಹನ್ನೆರಡು ವರ್ಷದಿಂದ ನಮ್ಮಿಬ್ಬರದೂ ಒಂದೇ ಖೋಲಿ, ಒಂದೇ ಹೊತ್ತಿಗೆ ಊಟ. ಅವರ ಡಬ್ಬಿಯ ರೊಟ್ಟಿ ನನಗೆ, ನನ್ನ ಡಬ್ಬಿಯ ಝುಣಕ ಅವರಿಗೆ. ಖೋಲಿಯ ಮೂಲೆಯಲ್ಲಿ ಕಾಲೇಜಿನವರು ಕೊಟ್ಟ ಒಂದು ಕಂಪ್ಯೂಟರ್ ಇತ್ತು. ಲೆಕ್ಕಕ್ಕೆ ಅದು ಇಬ್ಬರಿಗೂ ಸೇರಿದ್ದು. ಕೂರುತ್ತಿದ್ದವನು ಮಾತ್ರ ನಾನೊಬ್ಬನೇ.

ಪ್ರಬಂಧ ಬರೆಯುವುದಕ್ಕಿಂತ ಅದರ ಕೊನೆಗೆ ಬರುವ ಆಕರಗಳ ಪಟ್ಟಿ ಕಷ್ಟ. ಯಾರು ಬರೆದರು, ಯಾವ ಊರು, ಯಾರು ಪ್ರಕಟಿಸಿದರು ಎಂಬುದನ್ನೆಲ್ಲ ನಾನು ಚೀಟಿಗಳಲ್ಲಿ ಬರೆದು ಚಪ್ಪಲಿ ಡಬ್ಬಿಯಲ್ಲಿ ತುಂಬಿಟ್ಟಿದ್ದೆ. ಆಗ ವಿಶ್ವವಿದ್ಯಾಲಯದಲ್ಲಿ ನನಗೆ ಮಾರ್ಗದರ್ಶಕರಾಗಿದ್ದವರು ಒಂದು ಸಿ.ಡಿ. ಕೊಟ್ಟು, "ಇದರಾಗ ಎಲ್ಲಾ ತುಂಬ್ರಿ. ಕೊನೀಗೆ ಒಂದು ಗುಂಡಿ ಒತ್ತಿದ್ರ ಪಟ್ಟಿ ತಾನೇ ತಯಾರ ಆಗತೈತಿ," ಎಂದರು. ಆ ಸಾಫ್ಟ್‌ವೇರಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಕನ್ನಡದ ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿದೆ. ಪುಸ್ತಕಗಳ ಮಟ್ಟಿಗೆ ಅದು ಸುಮ್ಮನೆ ಒಪ್ಪಿಕೊಂಡಿತು. ತಕರಾರು ಶುರುವಾದದ್ದು ಗೊಳಸಂಗಿಯ ನೀಲವ್ವನ ಹತ್ತಿರ. ಎಂಬತ್ತು ದಾಟಿದ ಆ ಮುದುಕಿ ಒಂದೇ ಉಸಿರಿಗೆ ಅರವತ್ತು ಹೊಲಗಳ ಹೆಸರು ಹೇಳಿದ್ದಳು. ಅವಳನ್ನೂ ಆಕರವೆಂದು ಸೇರಿಸಹೋದರೆ ಈ ಸಾಫ್ಟ್‌ವೇರು, ಪ್ರಕಾಶಕರು ಯಾರು ಎಂದು ಕೇಳಿತು. ಖಾಲಿ ಬಿಟ್ಟರೆ ಮುಂದಕ್ಕೆ ಬಿಡಲಿಲ್ಲ. ಯೋಚಿಸಿ ಅವಳ ಗಂಡನ ಹೆಸರು ಹಾಕಿದೆ. ಎಷ್ಟನೆಯ ಆವೃತ್ತಿ ಎಂದು ಕೇಳಿತು. ಮೊದಲ ಸಲ ಹೇಳಿದ ಕಥೆಯನ್ನು ಮುಂದಿನ ತಿಂಗಳು ಹೋದಾಗ ಪೂರಾ ಬದಲಿಸಿ ಹೇಳಿದ್ದಳಾದ್ದರಿಂದ, ಪರಿಷ್ಕೃತ ಎರಡನೆಯ ಆವೃತ್ತಿ ಎಂದು ನಮೂದಿಸಿದೆ. ಹೀಗೆ ಎರಡು ವರ್ಷದಲ್ಲಿ ನಾನೂರಕ್ಕೂ ಹೆಚ್ಚು ಆಕರಗಳು ಒಳಗೆ ಸೇರಿದವು. ಇನ್ನು ಚೀಟಿಗಳ ಹಂಗೇಕೆ ಎಂದು ಒಂದು ಬೆಳಿಗ್ಗೆ ಚಪ್ಪಲಿ ಡಬ್ಬಿಯನ್ನು ಬಚ್ಚಲ ಒಲೆಗೆ ಹಾಕಿ ಬಿಸಿಬಿಸಿ ನೀರಿನಲ್ಲಿ ಸ್ನಾನ ಮಾಡಿದೆ. ಅಷ್ಟು ನೆಮ್ಮದಿಯ ಸ್ನಾನವನ್ನು ನಾನು ಆಮೇಲೆ ಎಂದೂ ಮಾಡಿಲ್ಲ.

ಪ್ರಬಂಧ ಒಪ್ಪಿಸಲು ಸರಿಯಾಗಿ ಒಂದು ವಾರ ಉಳಿದಿತ್ತು. ಎರಡು ಸಲ ಅವಧಿ ಮುಂದೂಡಿಸಿಕೊಂಡಾಗಿತ್ತು, ಮೂರನೆಯ ಸಲ ಕೊಡುವುದಿಲ್ಲವೆಂದು ವಿಶ್ವವಿದ್ಯಾಲಯದವರು ಕಾಗದ ಬರೆದಿದ್ದರು. ಸೋಮವಾರ ಬೆಳಿಗ್ಗೆ ಖೋಲಿಗೆ ಹೋಗಿ ಕಂಪ್ಯೂಟರ್ ಹಚ್ಚಿದೆ. ಪಟ್ಟಿ ತೆಗೆದು, ವಿಜಾಪುರದಲ್ಲಿ ಕನ್ನಡ ಟೈಪು ಮಾಡುವವರಿಗೆ ಕೊಟ್ಟರೆ ಕೆಲಸ ಮುಗಿಯುತ್ತಿತ್ತು. ಸಾಫ್ಟ್‌ವೇರಿನ ಚಿತ್ರ ಪರದೆಯ ಮೇಲೆ ಬಂತು, ಹೋಯಿತು. ಅದರ ಜಾಗದಲ್ಲಿ ಒಂದು ಸಣ್ಣ ಚೌಕ ಬಂತು. ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದ ಮಾತಿನ ಅರ್ಥ ಇಷ್ಟು: ಈ ಸಂಗ್ರಹವನ್ನು ಸದ್ಯ 'ಡಿ ಆರ್' ಬಳಸುತ್ತಿದ್ದಾರೆ, ಅವರದು ಮುಗಿದ ಮೇಲೆ ಬನ್ನಿ. ನಾನು ಸರಿ ಎಂಬ ಗುಂಡಿ ಒತ್ತಿದೆ. ಎಲ್ಲವೂ ಮಾಯವಾಯಿತು. ಮತ್ತೆ ತೆರೆದೆ, ಮತ್ತೆ ಅದೇ ಮಾತು. ಹತ್ತು ಸಲ ಆಯಿತು. ಕಂಪ್ಯೂಟರ್ ಬಂದ್ ಮಾಡಿ ಹಚ್ಚಿದೆ. ಸಿ.ಡಿ. ಹಾಕಿ ಸಾಫ್ಟ್‌ವೇರನ್ನು ಹೊಸದಾಗಿ ಮತ್ತೊಮ್ಮೆ ಕೂರಿಸಿದೆ. ಹಿಂದಿನ ವರ್ಷ ಪ್ರತಿ ಇಟ್ಟುಕೊಂಡಿದ್ದ ಫ್ಲಾಪಿ ಹಾಕಿದರೆ ಅದು ಕರಕರ ಎಂದು ಹಲ್ಲು ಕಡಿದು ಸುಮ್ಮನಾಯಿತು. ಡಿ ಆರ್ ಮಾತ್ರ ಒಳಗಿಂದ ಏಳಲಿಲ್ಲ.

ಡಿ, ಆರ್. ಆ ಎರಡಕ್ಷರವನ್ನು ನಾನು ಬಹಳ ಹೊತ್ತು ನೋಡಿದೆ. ಆಮೇಲೆ ನಿಧಾನವಾಗಿ ಬೆಳಕಾಯಿತು. ಡಾಕ್ಟರ್! ಇಡೀ ಕಾಲೇಜಿನಲ್ಲಿ ಡಾಕ್ಟರ್ ಯಾರು? ಈ ಖೋಲಿಯ ಇನ್ನೊಂದು ಕೀಲಿಕೈ ಯಾರ ಹತ್ತಿರ ಇದೆ? ಹಿಂದಿನ ವಾರವಷ್ಟೇ, "ಒಟ್ಟು ಎಷ್ಟು ಆಕರ ಆದುವ್ರಿ ಹಳ್ಳೂರ ಸರ? ಆಲಮೇಲದ ಕಡೀದು ಕಡಿಮಿ ಅದಾವ ಅಂತಿದ್ರಲ್ಲ?" ಎಂದು ಬಿರಾದಾರರು ಕೇಳಿದ್ದು ನೆನಪಾಯಿತು. ಅವರೂ ಈ ಸೀಮೆಯ ಇತಿಹಾಸದ ಮೇಲೆ ಒಂದು ಪುಸ್ತಕ ಬರೆಯುತ್ತಿದ್ದರು. ನನ್ನ ಎರಡು ವರ್ಷದ ದುಡಿಮೆಯ ಮೇಲೆ ಅವರು ಕುಳಿತಿದ್ದಾರೆ ಎಂದು ಐದೇ ನಿಮಿಷದಲ್ಲಿ ನನಗೆ ಖಾತ್ರಿಯಾಯಿತು. ನನಗೆ ಯಾವುದಾದರೂ ಒಮ್ಮೆ ಖಾತ್ರಿಯಾದರೆ ಅದನ್ನು ಅಲುಗಿಸುವುದು ಯಾರಿಗೂ ಸಾಧ್ಯವಿಲ್ಲ. ಇದನ್ನು ನನ್ನ ಗುಣವೆಂದೇ ನಾನು ಆವರೆಗೆ ತಿಳಿದಿದ್ದೆ.

ನೇರವಾಗಿ ಕೇಳುವುದು ಸಭ್ಯತೆಯಲ್ಲ ಎಂದು ಅಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಾತಿನಲ್ಲೇ ಚುಚ್ಚಿದೆ. "ಕೆಲವು ದನ ಇರ್ತಾವ ನೋಡ್ರಿ ಸರ. ಸ್ವಂತ ಹೊಲದಾಗ ಬೇಕಾದಷ್ಟು ಮೇವು ಇದ್ರೂ ಮಂದಿ ಹೊಲಾನೇ ಹೊಗತಾವ," ಎಂದೆ. ಬಿರಾದಾರರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕಣ್ಣರಳಿಸಿದರು. "ಭಾಳ ಚಲೋ ನೆನಪು ಮಾಡಿದ್ರಿ! ಆಲಮೇಲದ ಹತ್ರ ಒಂದು ಹೊಲಕ್ಕ 'ದನ ಹೊಕ್ಕ ಪಟ್ಟಿ' ಅಂತಾರ. ಬರಕೊಂಡೀರಿಲ್ಲೋ?" ಎಂದರು. ಎಂಥ ನಟನೆ ಎಂದುಕೊಂಡೆ. ಹೆಸರನ್ನು ಮಾತ್ರ ಬರೆದುಕೊಂಡೆ.

ಮಂಗಳವಾರ ಬೇಗ ಹೋಗಿ ಖೋಲಿಯ ಹಳೆಯ ಕೀಲಿ ತೆಗೆದು, ಪೇಟೆಯಿಂದ ತಂದ ಹೊಸ ಕೀಲಿ ಜಡಿದೆ. ಅದರ ಕೀಲಿಕೈ ನನ್ನ ಒಳಜೇಬಿನಲ್ಲಿ. ಬಿರಾದಾರರು ಪಾಠಕ್ಕೆ ಹೋದದ್ದನ್ನು ನೋಡಿ ಒಳಗೆ ನುಗ್ಗಿ, ಬಾಗಿಲು ಹಾಕಿಕೊಂಡು ಕಂಪ್ಯೂಟರ್ ಹಚ್ಚಿದೆ. ಆಗಲೂ ಡಿ ಆರ್ ಒಳಗೇ ಇದ್ದರು! ಸ್ವಲ್ಪ ವಿವೇಕವಿದ್ದವನಾಗಿದ್ದರೆ ಅಲ್ಲಿಗೇ ನನ್ನ ಅನುಮಾನ ಬಿದ್ದುಹೋಗಬೇಕಿತ್ತು. ನಾನು ಬೀಳಗೊಡಲಿಲ್ಲ. ಇಂಟರ್‌ನೆಟ್ಟಿನ ಮೂಲಕ ದೂರದಿಂದಲೂ ಒಳಗೆ ಬರಬಹುದು ಎಂದು ಎಲ್ಲೋ ಓದಿದ್ದೆ. ಆ ಕಂಪ್ಯೂಟರಿಗೆ ಇಂಟರ್‌ನೆಟ್ ಹೋಗಲಿ, ಒಂದು ಫೋನಿನ ತಂತಿ ಕೂಡ ಇರಲಿಲ್ಲ ಎಂಬುದು ನನಗೆ ಅಡ್ಡಿಯೆನಿಸಲಿಲ್ಲ. ಪಾಠ ಮುಗಿಸಿ ಬಂದ ಬಿರಾದಾರರು ಮುಚ್ಚಿದ ಬಾಗಿಲ ಮುಂದೆ ನಿಂತು ತಮ್ಮ ಕೀಲಿಕೈ ತಿರುವಿ ತಿರುವಿ ನೋಡುವುದನ್ನು ಆ ಹೊತ್ತಿಗೆ ಹೊರಬಿದ್ದಿದ್ದ ನಾನು ಗ್ರಂಥಾಲಯದ ಕಿಟಕಿಯಿಂದ ಕಂಡೆ. ಬುಧವಾರವೂ ಎರಡು ಸಲ ಬಂದು ನಿಂತು ಹೋದರು. ಒಳಗಿನ ಕಪಾಟಿನಲ್ಲಿ ಅವರಿಗೆ ಬೇಕಾದ್ದೇನೋ ಇತ್ತು. ಊಟಕ್ಕೆ ನಾನು ಮನೆಗೆ ಹೋಗತೊಡಗಿದೆ. ಅವರು ಸ್ಟಾಫ್ ರೂಮಿನ ಮೂಲೆಯಲ್ಲಿ ಒಬ್ಬರೇ ಕುಳಿತು ಡಬ್ಬಿ ಬಿಚ್ಚುತ್ತಿದ್ದರಂತೆ.

ಸರೋಜಾಳಿಗೆ ಎಲ್ಲ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿ, "ಬಿರಾದಾರ ಸರ್ ನಿಮ್ಮ ಪಟ್ಟಿ ಕದ್ದು ಏನ್ ಮಾಡ್ತಾರ್ರಿ? ಹೋದ ವರ್ಷ ನಿಮಗ ಜ್ವರ ಬಂದಾಗ ಹದಿನೈದು ದಿವಸ ನಿಮ್ಮ ಪಾಠ ಯಾರು ಮಾಡಿದ್ರು?" ಎಂದಳು.

"ಆವಾಗೇ ಕದಿಯಾಕ ಶುರು ಮಾಡಿರಬೇಕು," ಎಂದೆ.

"ಹಂಗಾದ್ರ ಎದುರಿಗೆ ಕೂಡಿಸಿ ಕೇಳ್ರಿ. ಮಿಕ್ಸರ್ ಬಿಚ್ಚಾಕ ಹೆದರಂಗಿಲ್ಲ, ಒಬ್ಬ ಮನಷ್ಯಾನ್ನ ಕೇಳಾಕ ಹೆದರ್ತೀರಿ."

ಹೆದರುತ್ತೀರಿ ಎಂದರೆ ನಾನು ಸುಮ್ಮನಿರುವವನಲ್ಲ. ಗುರುವಾರ ಬೆಳಿಗ್ಗೆ ಹೊಸ ಕೀಲಿ ತೆಗೆದು ಚೀಲದಲ್ಲಿ ಹಾಕಿಕೊಂಡು, ಬಾಗಿಲು ತೆರೆದಿಟ್ಟು, ಬಿರಾದಾರರನ್ನು ಕರೆದುಕೊಂಡು ಬಂದೆ. ಅವರು ಹೊಸ್ತಿಲಲ್ಲಿ ನಿಂತು, "ಕೀಲಿ ತಗದಾರೇನ್ರಿ?" ಎಂದರು. "ಹೂಂ, ತಗದಾರ," ಎಂದೆ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಸಾಫ್ಟ್‌ವೇರ್ ತೆರೆದು, ಆ ಚೌಕದ ಕಡೆ ಬೆರಳು ತೋರಿಸಿ, ನ್ಯಾಯಾಧೀಶರ ಗತ್ತಿನಲ್ಲಿ ಕೇಳಿದೆ: "ಸರ, ಇದು ಯಾರು ಹೇಳ್ರಿ."

ಬಿರಾದಾರರು ಕನ್ನಡಕ ಏರಿಸಿ ಓದಿದರು. ಅವರ ಮುಖದಲ್ಲಿ ಅಳುಕು ಕಾಣುತ್ತದೆಂದು ಕಾದೆ. ಕಂಡದ್ದು ಉತ್ಸಾಹ. ನಾನು ಸಹಾಯ ಕೇಳುತ್ತಿದ್ದೇನೆ ಎಂದೇ ಅವರು ತಿಳಿದರು. "ನನಗ ಈ ಯಂತ್ರ ಚಾಲೂ ಮಾಡಾಕೂ ಬರೂದಿಲ್ರಿ. ಆದ್ರ ಒಂದು ಮಾತು. ಶಾಸನ ಸಿಕ್ಕಾಗ ಇದು ಯಾವ ಅರಸಂದು ಅಂತ ನಾವು ಮೊದಲಿಗೇ ಕೇಳೂದಿಲ್ಲ. ಕಾಲ ಯಾವುದು ಅಂತ ನೋಡ್ತೇವಿ. ಕಾಲ ಗೊತ್ತಾದ್ರ ಆವಾಗ ಗಾದಿ ಮ್ಯಾಲೆ ಯಾರಿದ್ರು ಅನ್ನೂದು ತಾನೇ ಗೊತ್ತಾಗತೈತಿ. ನಿಮ್ಮ ಈ ದಫ್ತರ ಎಲ್ಲಿ ಇಟ್ಟಿರಿ, ಆ ಜಾಗಾ ತೋರಸ್ರಿ."

ನಾನು ಫೋಲ್ಡರ್ ತೆರೆದೆ. ನನ್ನ ಆಕರಗಳ ದೊಡ್ಡ ಕಡತ ಅಲ್ಲಿತ್ತು. ಅದರ ಪಕ್ಕದಲ್ಲೇ ಅದೇ ಹೆಸರಿನ, ಬಾಲ ಮಾತ್ರ ಬೇರೆ ಇದ್ದ, ಇಷ್ಟೇ ಇಷ್ಟು ಪುಟ್ಟ ಇನ್ನೊಂದು ಕಡತವಿತ್ತು. ನಾನು ಅದನ್ನು ಎಂದೂ ಗಮನಿಸಿರಲಿಲ್ಲ. ಬಿರಾದಾರರ ಬೆರಳು ಅದರ ಮುಂದಿದ್ದ ದಿನಾಂಕದ ಮೇಲೆ ನಿಂತಿತು. "ಹೋದ ಶುಕ್ರವಾರ. ಮಧ್ಯಾಹ್ನ ಮೂರೂ ಹತ್ತು. ಆವತ್ತು ನಾ ಪರೀಕ್ಷಾ ಕೆಲಸಕ್ಕ ಇಂಡಿಗೆ ಹೋಗಿದ್ದೆ. ಈ ಖೋಲಿಯೊಳಗ ಯಾರಿದ್ರು?"

ನಾನಿದ್ದೆ. ಶುಕ್ರವಾರ ಮಧ್ಯಾಹ್ನ ನೀಲವ್ವನ ಎರಡನೆಯ ಆವೃತ್ತಿಯನ್ನು ತಿದ್ದುತ್ತ ಕುಳಿತಿದ್ದೆ. ಕರೆಂಟ್ ಹೋಯಿತು. ಇನ್ನು ಬರುವುದಿಲ್ಲವೆಂದು ಎದ್ದು ಮನೆಗೆ ಹೋದೆ. ಶನಿವಾರ ರಜೆ ಹಾಕಿ ಮುದ್ದೇಬಿಹಾಳದ ಕಡೆ ತಿರುಗಾಡಲು ಹೋಗಿದ್ದೆ.

"ಆ ಸಣ್ಣ ಶಾಸನದಾಗ ಏನ್ ಬರದಾರ, ತಗೀರಿ," ಎಂದರು ಬಿರಾದಾರರು.

ತೆಗೆದೆ. ಒಂದೇ ಸಾಲು ಇತ್ತು. ಬಿರಾದಾರರು ಅದನ್ನು ಅಕ್ಷರ ಅಕ್ಷರವಾಗಿ, ಗಟ್ಟಿಯಾಗಿ ಓದಿದರು: "ಡಿ... ಆರ್... ಶಂಕ್ರಪ್ಪ... ಹಳ್ಳೂರ."

ಇದನ್ನು ಹೇಳಲು ಈಗಲೂ ಕಿವಿ ಬಿಸಿಯಾಗುತ್ತದೆ. ಎರಡು ವರ್ಷದ ಹಿಂದೆ ಈ ಸಾಫ್ಟ್‌ವೇರನ್ನು ಮೊದಲು ಕೂರಿಸಿದಾಗ ಅದು ಒಂದೇ ಒಂದು ಸಲ ಬಳಸುವವರ ಹೆಸರು ಕೇಳಿತ್ತು. ಖೋಲಿಯಲ್ಲಿ ಯಾರೂ ಇರಲಿಲ್ಲ. ಹೇಗೆ ಕಾಣುತ್ತದೆ ನೋಡೋಣವೆಂದು ಹೆಸರಿನ ಹಿಂದೆ 'ಡಾ.' ಸೇರಿಸಿ ಕುಟ್ಟಿದ್ದೆ. ಚೆನ್ನಾಗಿಯೇ ಕಂಡಿತ್ತು, ಹಾಗೇ ಬಿಟ್ಟಿದ್ದೆ. ಆಮೇಲೆ ಮರೆತೂಬಿಟ್ಟಿದ್ದೆ. ಆ ಚೌಕ ಹೆಸರಿನ ಮೊದಲ ತುಂಡನ್ನು ಮಾತ್ರ ತೋರಿಸುತ್ತಿತ್ತು. ಕರೆಂಟ್ ಹೋದಾಗ ನಾನು ಹೇಳದೆ ಕೇಳದೆ ಎದ್ದು ಹೋದದ್ದರಿಂದ, ಡಾಕ್ಟರ್ ಹಳ್ಳೂರ ಎಂಬ ಮಹಾನುಭಾವರು ಇನ್ನೂ ಒಳಗೇ ಕುಳಿತು ಕೆಲಸ ಮಾಡುತ್ತಿದ್ದಾರೆಂದು ಆ ಸಾಫ್ಟ್‌ವೇರು ನಂಬಿತ್ತು. ಅವರಿಗೆ ತೊಂದರೆಯಾಗಬಾರದೆಂದು ನಾಲ್ಕು ದಿನದಿಂದ ನನ್ನನ್ನು ಬಾಗಿಲಲ್ಲೇ ತಡೆದು ವಾಪಸು ಕಳಿಸುತ್ತಿತ್ತು.

ಆ ಪುಟ್ಟ ಕಡತವನ್ನು ಅಳಿಸಿದೆ. ಸಾಫ್ಟ್‌ವೇರ್ ತೆರೆದೆ. ಚಿತ್ರ ಬಂತು, ಹೋಯಿತು, ನಾನೂರಕ್ಕೂ ಹೆಚ್ಚು ಹೆಸರುಗಳು ಒಂದರ ಕೆಳಗೊಂದು ಸಾಲಾಗಿ ಬಂದು ನಿಂತವು. ಬಿರಾದಾರರು ಚಪ್ಪಾಳೆ ತಟ್ಟಿದರು. 'ಡಾ.' ಬಗ್ಗೆ ಒಂದು ಮಾತೂ ಆಡಲಿಲ್ಲ. "ಇರ್ರಿ, ಇರ್ರಿ," ಎಂದು ಕಪಾಟು ತೆರೆದು, ಉದ್ದನೆಯ ಒಂದು ನೋಟುಬುಕ್ಕು ತೆಗೆದು ನನ್ನ ಕೈಗೆ ಇಟ್ಟರು. "ಆಲಮೇಲದಾಗ ಒಬ್ಬರ ಮನ್ಯಾಗ ಹಳೇ ಮರಾಠಿ ಮೋಡಿ ಲಿಪಿ ಕಾಗದ ಸಿಕ್ಕಿದ್ದುವು. ಅವರ ಮುತ್ಯಾನ ಕಾಲದ ಹೊಲಗಳ ಹೆಸರು. ಒಂದು ತಿಂಗಳಾತು, ಕುಂತು ಕನ್ನಡಕ್ಕ ಇಳಿಸೇನಿ. ಸೋಮವಾರನೇ ಕೊಡಬೇಕಂತಿದ್ದೆ, ಖರೆ ಒಂದು ಪುಟ ಉಳಿದಿತ್ತು. ಸಂಜೀಕ ಅದನ್ನೂ ಮುಗಿಸಿ ಕಪಾಟಿನಾಗ ಇಟ್ಟು ಹೋದೆ. ಮಂಗಳವಾರ ಬಂದು ನೋಡಿದ್ರ ಕೀಲಿ."

ನೂರಿಪ್ಪತ್ತು ಹೊಲಗಳಿದ್ದವು. ಗುಂಡಗಿನ ಅಕ್ಷರ. ಎಲ್ಲೆಲ್ಲಿ ಓದಲು ಅನುಮಾನವೋ ಅಲ್ಲಲ್ಲಿ ಪೆನ್ಸಿಲಿನ ಸಣ್ಣ ಪ್ರಶ್ನೆ. ಅಲ್ಲೇ, ಆಗಲೇ, ಎಲ್ಲವನ್ನೂ ಹೇಳಿ ಅವರ ಕೈ ಹಿಡಿದುಕೊಳ್ಳಬೇಕಿತ್ತು. ಕೀಲಿ ನನ್ನ ಚೀಲದಲ್ಲೇ ಇತ್ತು, ತೆಗೆದು ತೋರಿಸಿದ್ದರೂ ಸಾಕಿತ್ತು. "ಊಟಕ್ಕ ಹೋಗೂಣ್ರಿ ಸರ," ಎಂದೆ, ಅಷ್ಟೆ. ಹೋದೆವು. ಅವರು ರೊಟ್ಟಿ ಕೊಟ್ಟರು, ನಾನು ಝುಣಕ ಕೊಟ್ಟೆ.

ಪ್ರಬಂಧ ಹೊತ್ತಿಗೆ ಸರಿಯಾಗಿ ವಿಶ್ವವಿದ್ಯಾಲಯ ಸೇರಿತು. ಆಲಮೇಲದ ಅಧ್ಯಾಯವನ್ನು ಪರೀಕ್ಷಕರು ವಿಶೇಷವಾಗಿ ಮೆಚ್ಚಿದರು. ಪದವಿ ಬಂತು. ಹೆಸರಿನ ಹಿಂದಿನ ಎರಡಕ್ಷರ ಕೊನೆಗೂ ನ್ಯಾಯವಾಗಿ ನನ್ನದಾಯಿತು. ನಾಲ್ಕು ತಾಲೂಕಿನಲ್ಲಿ ಎಲ್ಲಿ ಯಾರ ಸಾಫ್ಟ್‌ವೇರ್ ಏಳದಿದ್ದರೂ, "ಹಳ್ಳೂರ ಸರ್ನ ಕರೀರಿ," ಎನ್ನುವಷ್ಟು ಹೆಸರೂ ಬಂತು. ನಾನು ಹೋಗಿ, ಗಂಭೀರವಾಗಿ ಕುಳಿತು, "ಮೊದಲ ಕಾಲ ನೋಡಬೇಕ್ರಿ," ಎನ್ನುತ್ತಿದ್ದೆ. ಬಿರಾದಾರರ ಮೇಲೆ ಅನುಮಾನಪಟ್ಟ ಕಥೆಯನ್ನು ಮಾತ್ರ ಸರೋಜಾಳನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ಅವಳು ವರ್ಷಕ್ಕೊಮ್ಮೆಯಾದರೂ, "ಹೇಳಿದ್ರಿ?" ಎಂದು ಕೇಳುತ್ತಿದ್ದಳು.

ಕೊನೆಗೆ ಹೋದ ವಾರ ಇದನ್ನೆಲ್ಲ ಬರೆದು, ನಿವೃತ್ತರಾಗಿ ಸಿಂದಗಿಯಲ್ಲೇ ಇರುವ ಬಿರಾದಾರರ ಮನೆಗೆ ಹೋಗಿ, ಅವರ ಮುಂದೆಯೇ ಓದಿದೆ. ಡಾಕ್ಟರು ಒಳಗೆ ಕುಳಿತ ಜಾಗ ಬಂದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಮ್ಮನ್ನು ಕಳ್ಳನೆಂದು ತಿಳಿದದ್ದಕ್ಕೂ ನಕ್ಕರು. ಮೈ ಹಗುರಾಯಿತು ಎಂದುಕೊಳ್ಳುವಷ್ಟರಲ್ಲಿ ಅವರ ನಗು ನಿಂತಿತು.

"ಒಂದು ನಿಮಿಷ ತಡೀರಿ. ಆ ಕೀಲಿ ಹಾಕಿದವರು ನೀವೇನ್ರಿ?"

"ಹೌದ್ರಿ ಸರ. ತಪ್ಪಾತು."

"ನಾ ಪ್ರಿನ್ಸಿಪಾಲರು ಅಂತ ತಿಳಕೊಂಡಿದ್ನಲ್ರೀ! 'ತಗದಾರ' ಅಂದ್ರಿ ನೀವು. ಪಾಪ, ಹಳ್ಳೂರ ಸರ ಪ್ರಬಂಧ ಕೊಡೂ ಹೊತ್ತಿನಾಗ ಖೋಲಿಗೆ ಕೀಲಿ ಜಡದು ತ್ರಾಸ ಕೊಟ್ರು ಅಂತ ನನಗ ಸಿಟ್ಟು ಬಂದು, ಆವತ್ತಿನಿಂದ ಅವರ ಜೋಡಿ ಮಾತೇ ಬಿಟ್ಟಿದ್ದೆ. ಅವರು ರಿಟೈರ್ ಆದಾಗ ಸಮಾರಂಭಕ್ಕೂ ಹೋಗಲಿಲ್ಲ."

ಆ ಸಮಾರಂಭ ನನಗೆ ಚೆನ್ನಾಗಿ ನೆನಪಿತ್ತು. ಹಾರ ಹಾಕಿಸಿಕೊಂಡು ಕುಳಿತಿದ್ದ ಪ್ರಿನ್ಸಿಪಾಲರು ನನ್ನನ್ನು ಹತ್ತಿರ ಕರೆದು, "ಬಿರಾದಾರರಿಗೆ ನಾ ಏನ್ ಮಾಡೀನ್ರಿ? ಇಷ್ಟು ವರ್ಷ ಆತು, ಮಾರಿ ಕೊಟ್ಟು ಮಾತಾಡಂಗಿಲ್ಲ," ಎಂದು ಮೆಲ್ಲಗೆ ಕೇಳಿದ್ದರು. ನಾನು ಒಂದು ಕ್ಷಣವೂ ಯೋಚಿಸದೆ, "ಅವರ ಸ್ವಭಾವನೇ ಹಂಗ್ರಿ ಸರ," ಎಂದು ಖಚಿತವಾಗಿ ಹೇಳಿದ್ದೆ.

ಈ ರವಿವಾರ ನಾನೂ ಬಿರಾದಾರರೂ ಬಸವನ ಬಾಗೇವಾಡಿಗೆ ಹೋಗುವುದೆಂದು ನಿಶ್ಚಯವಾಗಿದೆ. ಪ್ರಿನ್ಸಿಪಾಲರು ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಸರೋಜಾ ಶೇಂಗಾ ಹೋಳಿಗೆ ಮಾಡಿ ಕಟ್ಟಿಕೊಡುತ್ತೇನೆಂದಿದ್ದಾಳೆ. ನಿನ್ನೆ ಬಿರಾದಾರರು ಫೋನು ಮಾಡಿ, "ಅಲ್ಲಿ ಹೋದ ಮ್ಯಾಲೆ ಮಾತು ಯಾರು ತಗೀಬೇಕ್ರಿ?" ಎಂದು ಕೇಳಿದರು.

"ಅದರ ಚಿಂತಿ ಬಿಡ್ರಿ ಸರ, ನಾ ಇದ್ದೇನಲ್ಲ," ಎಂದೆ.

"ಏನಂತ ಹೇಳ್ತೀರಿ?"

"ಕರೆಂಟ್ ಹೋಗಿತ್ತು ಅಂತ ಹೇಳ್ತೇನಿ."